ಗಣಕಯಂತ್ರದ ಆಜ್ಞಾಪದಗಳು

ಗಣಕಯಂತ್ರವೆಂದೊಡನೆ ಇಂದಿನ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಬಣ್ಣಬಣ್ಣದ ಚಿತ್ರಗಳಿಂದ ತುಂಬಿದ ಪರದೆ. ಚಿತ್ರದ ಮೇಲೆ ಬೆರಳಿಟ್ಟರೆ ಅಥವಾ ಮೌಸಿನ ಗುಂಡಿಯನ್ನೊತ್ತಿದರೆ ಬೇಕಾದುದು ತೆರೆದುಕೊಳ್ಳುತ್ತದೆ. ಈ ಚಿತ್ರಗಳ ಹಿಂದೆ ಇನ್ನೊಂದು ಬಾಗಿಲಿದೆ. ಅದನ್ನು ತೆರೆದರೆ ಕಾಣುವುದು ಒಂದು ಬರಿಯ ಪರದೆ, ಅದರ ಮೂಲೆಯಲ್ಲಿ ಮಿನುಗುವ ಒಂದು ಗುರುತು, ಇಷ್ಟೆ. ಅದು ಯಾವ ಆಯ್ಕೆಯನ್ನೂ ಮುಂದಿಡುವುದಿಲ್ಲ. ಕೀಲಿಮಣೆಯಲ್ಲಿ ಅಕ್ಷರಗಳನ್ನು ಒತ್ತಿ ಏನು ಮಾಡಬೇಕೆಂದು ಹೇಳಿದರೆ ಮಾಡಲು ಕಾದಿರುತ್ತದೆ. ಇದಕ್ಕೆ ಟರ್ಮಿನಲ್ ಎಂದು ಹೆಸರು. ಅಲ್ಲಿ ಬರೆಯುವ ಮಾತುಗಳೇ ಆಜ್ಞಾಪದಗಳು.

ಚಿತ್ರಗಳ ಸೌಕರ್ಯವಿರುವಾಗ ಈ ಶುಷ್ಕವಾದ ಪರದೆಯ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಅಂಗಡಿಯಲ್ಲಿ ಬೆರಳು ತೋರಿಸಿ ಕೇಳುವವನು ಎದುರಿಗೆ ಇಟ್ಟಿರುವುದನ್ನಷ್ಟೇ ಕೊಳ್ಳಬಲ್ಲ; ಭಾಷೆ ಬಲ್ಲವನು ಒಳಗಿನ ಉಗ್ರಾಣದಲ್ಲಿರುವುದನ್ನೂ ಕೇಳಿ ತರಿಸಬಲ್ಲ. ಟರ್ಮಿನಲ್ಲಿನಿಂದ ಆಗುವ ಲಾಭ ಈ ಬಗೆಯದು. ಸಾವಿರ ಕಡತಗಳಲ್ಲಿ ಒಂದು ಶಬ್ದವನ್ನು ಹುಡುಕುವುದು, ದೂರದೂರಿನ ಯಂತ್ರವನ್ನು ಇಲ್ಲಿ ಕುಳಿತು ನಡೆಸುವುದು, ಒಮ್ಮೆ ಮಾಡಿದ ಕೆಲಸವನ್ನು ಬರೆದಿಟ್ಟು ಪ್ರತಿದಿನವೂ ತಾನಾಗಿ ನಡೆಯುವಂತೆ ಏರ್ಪಡಿಸುವುದು, ಇವೆಲ್ಲ ಇಲ್ಲಿ ಸುಲಭಸಾಧ್ಯ. ಆದರೆ ಮಾತಿನೊಡನೆ ಮಾತಿನ ಹೊಣೆಯೂ ಬರುತ್ತದೆ. ಗಣಕಯಂತ್ರವು ಆಡಿದ ಮಾತನ್ನು ಪಾಲಿಸುತ್ತದೆಯೇ ಹೊರತು ಆಡಿದವನ ಇಂಗಿತವನ್ನಲ್ಲ. ಈ ಸಂಗತಿಯನ್ನು ಮನಗಾಣದೆ ಆಜ್ಞಾಪದಗಳನ್ನು ಕಂಠಪಾಠ ಮಾಡಿದವರು ಕೆಲಸ ಕೆಡಿಸಿಕೊಂಡ ನಿದರ್ಶನಗಳಿವೆ. ಅವುಗಳ ವಿಚಾರ ಮುಂದೆ ಬರುತ್ತದೆ.

ಓದುಗರು ಮೊದಲೇ ಒಂದು ಮಾತನ್ನು ಗಮನಿಸಬೇಕು. ಆಜ್ಞಾಪದಗಳನ್ನು ಯಂತ್ರದ ಮುಂದೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಒತ್ತಬೇಕು. ಈ ಲೇಖನದಲ್ಲಿ ಅವುಗಳ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. 'ಎಲ್‌ಎಸ್' ಎಂದಿರುವಲ್ಲಿ ಆ ಎರಡು ಅಕ್ಷರಗಳನ್ನು ಒತ್ತಿ, ಅನಂತರ ಎಂಟರ್ ಕೀಲಿಯನ್ನು ಒತ್ತುವುದೆಂದು ತಿಳಿಯಬೇಕು. ಇಲ್ಲಿ ಹೇಳಿರುವುದು ಯೂನಿಕ್ಸ್ ಪರಂಪರೆಗೆ ಸೇರಿದ ಯಂತ್ರಗಳ ವಿಚಾರ. ಲಿನಕ್ಸ್ ಆ ಪರಂಪರೆಯದು. ಆ್ಯಪಲ್ ಸಂಸ್ಥೆಯ ಮ್ಯಾಕ್ ಕೂಡ ಅದೇ ವಂಶದ್ದು. ವಿಂಡೋಸ್ ಯಂತ್ರದ ಸ್ವಂತ ಆಜ್ಞಾಪದಗಳು ಬೇರೆ. ಆದರೆ 2016ರಿಂದ ಅದರೊಳಗೂ ಲಿನಕ್ಸ್ ಪರಿಸರವನ್ನು ಸ್ಥಾಪಿಸಿಕೊಳ್ಳಲು ಅವಕಾಶವಾಗಿದೆ.

ಈ ಪದಗಳೇಕೆ ಇಷ್ಟು ಮೊಟಕಾಗಿವೆ? ಎರಡಕ್ಷರ, ಮೂರಕ್ಷರಗಳ ಈ ತುಂಡು ಮಾತುಗಳು ಮೊದಲ ನೋಟಕ್ಕೆ ಮಂತ್ರಾಕ್ಷರಗಳಂತೆ ತೋರುತ್ತವೆ. ಕಾರಣವು ಇತಿಹಾಸದಲ್ಲಿದೆ. ಅಮೆರಿಕೆಯ ನ್ಯೂಜರ್ಸಿ ರಾಜ್ಯದಲ್ಲಿದ್ದ ಬೆಲ್ ಪ್ರಯೋಗಶಾಲೆಯು ಮಲ್ಟಿಕ್ಸ್ ಎಂಬ ಬೃಹತ್ ಯೋಜನೆಯಲ್ಲಿ ಪಾಲ್ಗೊಂಡಿದ್ದು, 1969ರಲ್ಲಿ ಅದರಿಂದ ಹಿಂದೆ ಸರಿಯಿತು. ಆ ಯೋಜನೆಯಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಎಂಬ ತರುಣನು ಅದೇ ವರ್ಷ, ಮೂಲೆಗುಂಪಾಗಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದನ್ನು ಹಿಡಿದು, ಪತ್ನಿಯು ಹಸುಗೂಸಿನೊಡನೆ ಊರಿಗೆ ಹೋಗಿದ್ದ ಸುಮಾರು ಮೂರು ವಾರಗಳ ಅವಧಿಯಲ್ಲಿ ಹೊಸದೊಂದು ಕಾರ್ಯವ್ಯವಸ್ಥೆಯ ಮೊದಲ ರೂಪವನ್ನು ಸಿದ್ಧಪಡಿಸಿದನು. ಡೆನ್ನಿಸ್ ರಿಚಿ ಮೊದಲಾದ ಸಹೋದ್ಯೋಗಿಗಳು ಕೈಜೋಡಿಸಿದರು. ಮಲ್ಟಿಕ್ಸ್ ಎಂಬ ಹೆಸರನ್ನು ಅಣಕಿಸಿ ಇದಕ್ಕೆ ಯೂನಿಕ್ಸ್ ಎಂದು ಹೆಸರಾಯಿತು. ಥಾಂಪ್ಸನ್ ಮತ್ತು ರಿಚಿ ಇಬ್ಬರಿಗೂ 1983ರಲ್ಲಿ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಆ ದಿನಗಳಲ್ಲಿ ಅವರ ಮುಂದೆ ಇದ್ದುದು ಇಂದಿನ ಪರದೆಯಲ್ಲ. ಟೆಲಿಟೈಪ್ ಎಂಬ ಸದ್ದುಮಾಡುವ ಬೆರಳಚ್ಚು ಯಂತ್ರ. ಹಿಂದೆ ತಂತಿ ಕಚೇರಿಗಳಲ್ಲಿ ಟೆಲಿಪ್ರಿಂಟರನ್ನು ಕಂಡವರಿಗೆ ಅದರ ಸ್ವರೂಪ ತಿಳಿದೀತು. ಅದು ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ 10 ಅಕ್ಷರಗಳಂತೆ ಮಾತ್ರ ಮುದ್ರಿಸುತ್ತಿತ್ತು. ಅದರ ಕೀಲಿಗಳಾದರೋ ಬಿರುಸು, ಬಲವಾಗಿ ಒತ್ತಬೇಕು. ಹೀಗಿರಲು 'ಲಿಸ್ಟ್' ಎಂದು ನಾಲ್ಕಕ್ಷರ ಒತ್ತುವ ಬದಲು ಎರಡೇ ಅಕ್ಷರಗಳಲ್ಲಿ ಕೆಲಸ ಮುಗಿಸಿದರೆ ಬೆರಳಿಗೂ ಸುಖ, ಕಾಲವೂ ಉಳಿತಾಯ. ಕೆಲಸ ಸರಿಯಾಗಿ ನಡೆದರೆ ಏನನ್ನೂ ಹೇಳದೆ ಸುಮ್ಮನಿರುವುದು ಈ ಆಜ್ಞಾಪದಗಳ ಇನ್ನೊಂದು ಲಕ್ಷಣ. ತಪ್ಪಾದಾಗ ಮಾತ್ರ ಯಂತ್ರವು ಬಾಯಿ ಬಿಡುತ್ತದೆ. ಹೊಸಬರು ಈ ಮೌನವನ್ನು ಕಂಡು, ಆಜ್ಞೆಯು ತಲಪಲಿಲ್ಲವೆಂದು ಭಾವಿಸಿ ಅದನ್ನೇ ಮತ್ತೆ ಒತ್ತುವುದುಂಟು.

ನಾವು ಬರೆದ ಸಾಲನ್ನು ಮೊದಲು ಓದುವ ಕ್ರಮವಿಧಿಗೆ ಷೆಲ್, ಎಂದರೆ ಚಿಪ್ಪು, ಎಂದು ಹೆಸರು. ಯಂತ್ರದ ತಿರುಳಿಗೂ ಮನುಷ್ಯನಿಗೂ ನಡುವೆ ಇದು ದುಭಾಷಿಯಂತೆ ಇರುತ್ತದೆ. ಸಾಲಿನ ಮೊದಲ ಪದವನ್ನು ಅದು ಕ್ರಿಯೆಯೆಂದೂ ಉಳಿದವನ್ನು ಆ ಕ್ರಿಯೆಗೆ ಒದಗುವ ವಸ್ತುಗಳೆಂದೂ ತಿಳಿಯುತ್ತದೆ. ಒಂದು ಪದ ಮುಗಿದು ಇನ್ನೊಂದು ಮೊದಲಾಯಿತೆಂಬುದಕ್ಕೆ ಅದಕ್ಕಿರುವ ಗುರುತು ನಡುವಣ ತೆರಪು ಮಾತ್ರ. ನಮ್ಮ ಬರವಣಿಗೆಯಲ್ಲಿ ತೆರಪು ಅಲ್ಲಲ್ಲಿ ಹೆಚ್ಚುಕಡಿಮೆಯಾದರೆ ಓದುಗನು ಅರ್ಥ ಮಾಡಿಕೊಳ್ಳುತ್ತಾನೆ. ಷೆಲ್ ಅರ್ಥ ಮಾಡಿಕೊಳ್ಳುವುದಿಲ್ಲ.

ಇನ್ನು ಪದಗಳ ವಿಚಾರ. ಇವುಗಳಲ್ಲಿ ಕೆಲವು ಇದ್ದುದನ್ನು ತೋರಿಸುವಂಥವು, ಕೆಲವು ಇದ್ದುದನ್ನು ಬದಲಾಯಿಸುವಂಥವು. ಕಲಿಯುವವರು ಮೊದಲನೆಯ ಬಗೆಯವನ್ನು ಚೆನ್ನಾಗಿ ರೂಢಿಸಿಕೊಂಡ ಮೇಲೆಯೇ ಎರಡನೆಯವಕ್ಕೆ ಕೈಹಾಕುವುದು ಕ್ಷೇಮ.

ತೋರಿಸುವ ಪದಗಳಲ್ಲಿ ಮೊದಲನೆಯದು 'ಪಿಡಬ್ಲ್ಯೂಡಿ'. ನಮ್ಮ ಜನರು ಈ ಹೆಸರನ್ನು ಕೇಳಿದೊಡನೆ ರಸ್ತೆ ಸೇತುವೆಗಳ ಇಲಾಖೆಯನ್ನು ನೆನೆದಾರು. ಯಂತ್ರದಲ್ಲಿ ಅದು ಕೊಡುವ ಉತ್ತರ, 'ನೀನು ಈಗ ಇಂಥ ಫೋಲ್ಡರಿನಲ್ಲಿರುವೆ' ಎಂಬುದು. ಯಂತ್ರದೊಳಗಿನ ಫೋಲ್ಡರುಗಳೆಲ್ಲ ಒಂದೇ ಮರದ ಕೊಂಬೆ ರೆಂಬೆಗಳಂತೆ ಹರಡಿಕೊಂಡಿವೆ. ಬುಡಕ್ಕೆ ಹೆಸರಿಲ್ಲ, ಒಂದು ಓರೆಗೆರೆಯೇ ಅದರ ಗುರುತು. ಬಳಕೆದಾರನು ಸದಾಕಾಲ ಈ ಮರದ ಯಾವುದೋ ಒಂದು ಕೊಂಬೆಯ ಮೇಲೆ ನಿಂತಿರುತ್ತಾನೆ, ಅವನ ಆಜ್ಞೆಗಳು ಸಾಮಾನ್ಯವಾಗಿ ಆ ಕೊಂಬೆಗೇ ಅನ್ವಯಿಸುತ್ತವೆ. ಆ ಕೊಂಬೆಯಲ್ಲಿ ಏನೇನಿದೆಯೆಂದು ತೋರಿಸುವುದು 'ಎಲ್‌ಎಸ್'. ಅದರ ಮುಂದೆ ತೆರಪು ಬಿಟ್ಟು ಒಂದು ಅಡ್ಡಗೆರೆಯನ್ನೂ 'ಎಲ್' ಅಕ್ಷರವನ್ನೂ ಸೇರಿಸಿದರೆ ಕಡತದ ಒಡೆಯನಾರು, ಗಾತ್ರವೆಷ್ಟು, ಕೊನೆಯ ಸಲ ಬದಲಾದುದು ಯಾವಾಗ ಎಂಬ ವಿವರಗಳೂ ಬರುತ್ತವೆ. ಹೀಗೆ ಅಡ್ಡಗೆರೆಯೊಡನೆ ಬರುವ ಅಕ್ಷರಗಳು ಕ್ರಿಯಾವಿಶೇಷಣಗಳ ಕೆಲಸವನ್ನು ಮಾಡುತ್ತವೆ. 'ಸಿಡಿ' ಎಂಬುದು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕರೆದೊಯ್ಯುತ್ತದೆ. ಕಡತದಲ್ಲಿರುವ ಬರಹವನ್ನೆಲ್ಲ 'ಕ್ಯಾಟ್' ಒಮ್ಮೆಗೇ ಸುರಿಯುತ್ತದೆ. ದೀರ್ಘವಾದ ಕಡತಕ್ಕೆ 'ಲೆಸ್' ಲೇಸು, ಅದು ಪುಟಪುಟವಾಗಿ ತೋರಿಸುತ್ತದೆ. 'ಹೆಡ್' ಮೊದಲ 10 ಸಾಲುಗಳನ್ನೂ 'ಟೇಲ್' ಕೊನೆಯ 10 ಸಾಲುಗಳನ್ನೂ ತೋರಿಸುತ್ತವೆ.

ಕಡತದಲ್ಲಿ ಒಂದು ಶಬ್ದವಿರುವ ಸಾಲುಗಳನ್ನು ಮಾತ್ರ ಆರಿಸಿಕೊಡುವ 'ಗ್ರೆಪ್' ಎಂಬ ಪದದ ಹುಟ್ಟು ಸ್ವಾರಸ್ಯವಾಗಿದೆ. ಅಮೆರಿಕೆಯ ಸಂವಿಧಾನದ ಸಮರ್ಥನೆಗಾಗಿ 1787-88ರಲ್ಲಿ ಮೂವರು ಮಹನೀಯರು ಗುಪ್ತನಾಮದಿಂದ 85 ಲೇಖನಗಳನ್ನು ಬರೆದರು. ಅವುಗಳಲ್ಲಿ ಕೆಲವನ್ನು ಬರೆದವರಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ವಿವಾದವಿತ್ತು. ಬೆಲ್ ಪ್ರಯೋಗಶಾಲೆಯ ಲೀ ಮೆಕ್‌ಮಹೋನ್ ಈ ಲೇಖನಗಳ ಶಬ್ದಪ್ರಯೋಗವನ್ನು ಪರಿಶೀಲಿಸಬೇಕೆಂದಿದ್ದನು. ಆದರೆ ಲೇಖನಗಳ ಮೊತ್ತವು ಆಗಿನ ಸಂಪಾದಕ ಕ್ರಮವಿಧಿಯ ಪಾತ್ರೆಯಲ್ಲಿ ಹಿಡಿಸಲಿಲ್ಲ. ಥಾಂಪ್ಸನ್ ಅದರಿಂದ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಬೇರೆ ಉಪಕರಣವಾಗಿ ಮಾಡಿಕೊಟ್ಟನು. ಸಹೋದ್ಯೋಗಿಯೊಬ್ಬನ ಅಗತ್ಯಕ್ಕೆ ಒದಗಿದ ಆ ಉಪಕರಣವನ್ನು ಇಂದು ಜಗತ್ತಿನ ಯಂತ್ರಪಾಲಕರೆಲ್ಲ ದಿನಕ್ಕೆ ಹತ್ತಾರು ಸಲ ಬಳಸುತ್ತಾರೆ. ಅದರಿಂದ ಕನ್ನಡ ಶಬ್ದಗಳನ್ನೂ ಹುಡುಕಬಹುದು. ಆದರೆ 'ಕನ್ನಡ' ಎಂದು ಹುಡುಕಿದವರಿಗೆ 'ಕನ್ನಡಿ' ಇರುವ ಸಾಲುಗಳೂ ಬಂದು ಬೀಳುತ್ತವೆ. ಅದು ಯಂತ್ರದ ದೋಷವಲ್ಲ. ಕನ್ನಡಿಯೊಳಗೆ ಕನ್ನಡವಿರುವುದು ಅಕ್ಷರಶಃ ನಿಜವಷ್ಟೆ.

ಬಿಡಿ ಪದಗಳಿಗಿಂತ ಹೆಚ್ಚಿನ ಶಕ್ತಿಯಿರುವುದು ಅವುಗಳ ಜೋಡಣೆಯಲ್ಲಿ. ಬೆಲ್ ಪ್ರಯೋಗಶಾಲೆಯ ಡಗ್ಲಸ್ ಮೆಕ್‌ಇಲ್ರಾಯ್ 1964ರಷ್ಟು ಹಿಂದೆಯೇ, ತೋಟಕ್ಕೆ ನೀರು ಹಾಯಿಸುವ ಕೊಳವೆಗಳನ್ನು ಒಂದಕ್ಕೊಂದು ತಿರುಪಿ ಸೇರಿಸುವಂತೆ ಕ್ರಮವಿಧಿಗಳನ್ನೂ ಸೇರಿಸಲು ಬರಬೇಕೆಂದು ಟಿಪ್ಪಣಿ ಬರೆದಿದ್ದನು. ಅವನ ಒತ್ತಾಯದ ಫಲವಾಗಿ 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯೂನಿಕ್ಸಿಗೆ ಅಳವಡಿಸಿದನು. ಎರಡು ಪದಗಳ ನಡುವೆ | ಎಂಬ ನಿಲುಗೆರೆಯನ್ನು ಎಳೆದರೆ ಸಾಕು, ಮೊದಲನೆಯದರ ಉತ್ತರವು ಎರಡನೆಯದಕ್ಕೆ ಪ್ರಶ್ನೆಯಾಗಿ ಹರಿಯುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ 400 ವಿದ್ಯಾರ್ಥಿಗಳಿದ್ದಾರೆನ್ನೋಣ. ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಹೆಸರು, ತಾಲೂಕು, ತರಗತಿ ಇವುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಪಟ್ಟಿಯೊಂದು ಕಡತದಲ್ಲಿದೆ. ಯಾವ ತಾಲೂಕಿನಿಂದ ಎಷ್ಟು ಮಕ್ಕಳು ಬಂದಿದ್ದಾರೆಂದು ತಿಳಿಯಬೇಕು. 'ಕಟ್' ಎಂಬುದು ಪ್ರತಿ ಸಾಲಿನಿಂದ ತಾಲೂಕಿನ ಹೆಸರನ್ನು ಮಾತ್ರ ಕತ್ತರಿಸಿ ಮುಂದೆ ಕಳುಹಿಸುತ್ತದೆ. 'ಸಾರ್ಟ್' ಅವನ್ನು ಅನುಕ್ರಮಕ್ಕೆ ತರುತ್ತದೆ. ಆಗ ಹಾನಗಲ್ಲಿನವರೆಲ್ಲ ಒಂದೆಡೆ, ಹಿರೇಕೆರೂರಿನವರೆಲ್ಲ ಒಂದೆಡೆ ಬರುತ್ತಾರೆ. 'ಯುನಿಕ್' ಒಂದರ ಕೆಳಗೊಂದು ಬಂದ ಸಮಾನ ಸಾಲುಗಳನ್ನು ಒಂದಾಗಿಸಿ, 'ಸಿ' ಎಂಬ ವಿಶೇಷಣವಿದ್ದರೆ ಎಷ್ಟಿದ್ದವೆಂಬುದನ್ನೂ ಎಣಿಸಿ ಹೇಳುತ್ತದೆ. ಪಕ್ಕಪಕ್ಕದ ಸಾಲುಗಳನ್ನಷ್ಟೇ ಅದು ಹೋಲಿಸುವುದರಿಂದ ಸಾರ್ಟ್ ಮೊದಲು ಬರಲೇಬೇಕು. ಕೊನೆಗೆ ಇನ್ನೊಂದು ಸಾರ್ಟ್ ಸಂಖ್ಯೆಗಳನ್ನು ಏರಿಳಿತದ ಕ್ರಮದಲ್ಲಿ ಇಡುತ್ತದೆ. ಇಲ್ಲಿ 'ಎನ್' ಎಂಬ ವಿಶೇಷಣವನ್ನು ಬಳಸಿ ಇವು ಸಂಖ್ಯೆಗಳೆಂದು ತಿಳಿಸುವುದು ರೂಢಿ. ಅದನ್ನು ಬಿಟ್ಟಲ್ಲಿ ಸಾರ್ಟ್ ಸಂಖ್ಯೆಗಳನ್ನೂ ಅಕ್ಷರಗಳಂತೆ ಓದಿ 10ನ್ನು 2ರ ಮುಂದೆ ಕೂಡಿಸುವ ಸಂಭವವಿದೆ. ನಾಲ್ಕು ಪದ, ಮೂರು ನಿಲುಗೆರೆ; ಗುಮಾಸ್ತನೊಬ್ಬನ ಅರ್ಧ ದಿನದ ಕೆಲಸ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಈ ನಾಲ್ಕರಲ್ಲಿ ಯಾವುದಕ್ಕೂ ಪ್ರಸಾದನಿಲಯವೆಂದರೇನೆಂದು ತಿಳಿಯದು, ತಾಲೂಕೆಂದರೇನೆಂದೂ ತಿಳಿಯದು. ಒಂದೊಂದೂ ತನ್ನ ಪಾಲಿನ ಒಂದೇ ಕಾಯಕವನ್ನು ಮಾಡಿ ಮುಂದಿನದಕ್ಕೆ ಒಪ್ಪಿಸುತ್ತದೆ.

ಎಣಿಕೆಯ ಮಾತು ಬಂದುದರಿಂದ 'ಡಬ್ಲ್ಯೂಸಿ' ಎಂಬ ಪದವನ್ನೂ ನೋಡಬಹುದು. ಅದು ಕಡತದ ಸಾಲುಗಳನ್ನೂ ಪದಗಳನ್ನೂ ಎಣಿಸುತ್ತದೆ. 'ಸಿ' ಎಂಬ ವಿಶೇಷಣವಿದ್ದರೆ ಬೈಟುಗಳನ್ನೂ 'ಎಂ' ಎಂದಿದ್ದರೆ ಸಂಕೇತಗಳನ್ನೂ ಎಣಿಸುತ್ತದೆ. ಇಂಗ್ಲಿಷಿನಲ್ಲಿ ಇವೆರಡೂ ಸಾಧಾರಣವಾಗಿ ಒಂದೇ ಉತ್ತರ. ಆದರೆ 'ಕನ್ನಡ' ಎಂಬ ಶಬ್ದವನ್ನು ಎಣಿಸಹೊರಟರೆ, ಸಾಲಿನ ಕೊನೆಯ ಗುರುತನ್ನು ಬಿಟ್ಟು, ಸಂಕೇತಗಳು 5 ಎಂದೂ ಬೈಟುಗಳು 15 ಎಂದೂ ಉತ್ತರ ಬರುತ್ತದೆ. ನಾವು ಕಾಣುವುದು ಮೂರೇ ಅಕ್ಷರ. ಈ ವ್ಯತ್ಯಾಸಕ್ಕೆ ಕಾರಣವೇನು? ಯೂನಿಕೋಡ್ ಪದ್ಧತಿಯಲ್ಲಿ 'ನ್ನ' ಎಂಬ ಒತ್ತಕ್ಷರವು ಒಂದು ಸಂಕೇತವಲ್ಲ. ನಕಾರ, ಅದರ ಸ್ವರವನ್ನು ತೆಗೆಯುವ ಹಲಂತಚಿಹ್ನೆ, ಮತ್ತೆ ನಕಾರ, ಹೀಗೆ ಮೂರು. ಕಕಾರ ಡಕಾರಗಳು ಸೇರಿ ಐದು. ಯುಟಿಎಫ್-8 ಎಂಬ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಈ ಯುಟಿಎಫ್-8 ಕೂಡ, 1992ರಲ್ಲಿ ರಾಬ್ ಪೈಕ್‌ನೊಡನೆ ಸೇರಿ, ಅದೇ ಕೆನ್ ಥಾಂಪ್ಸನ್ ರೂಪಿಸಿದುದು. ಯೂನಿಕ್ಸನ್ನು ಕಟ್ಟಿದ ಕೈಯೇ ಯಂತ್ರದಲ್ಲಿ ಕನ್ನಡವನ್ನು ಬರೆದಿಡುವ ಕ್ರಮಕ್ಕೂ ಕಾರಣವಾಯಿತೆಂಬುದನ್ನು ಬಲ್ಲವರು ವಿರಳ.

ಹಲವು ಟರ್ಮಿನಲ್ಲುಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು, ಗುಣಿತಚಿಹ್ನೆಗಳು ಪಕ್ಕಕ್ಕೆ ಸರಿದು ಕಾಣುತ್ತವೆ. ಇದಕ್ಕೂ ಹಳೆಯ ಟೆಲಿಟೈಪೇ ಮೂಲ. ಒಂದು ಅಕ್ಷರಕ್ಕೆ ಒಂದು ಮನೆ, ಎಲ್ಲ ಮನೆಗಳೂ ಒಂದೇ ಅಗಲ ಎಂಬ ಅದರ ಚೌಕಟ್ಟು ಇಂದಿಗೂ ಟರ್ಮಿನಲ್ಲಿನ ಒಳಗೆ ಉಳಿದಿದೆ. ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಪಡೆಯುವ ನಮ್ಮ ಲಿಪಿ ಆ ಚೌಕದಲ್ಲಿ ಹಿಡಿಸುವುದಿಲ್ಲ. ಪರದೆಯ ಮೇಲೆ ವಿಕಾರವಾಗಿ ಕಂಡರೂ ಕಡತದೊಳಗಿನ ಬರಹ ಕೆಟ್ಟಿರುವುದಿಲ್ಲವೆಂಬುದನ್ನು ತಿಳಿದಿರಬೇಕು. ಕೆಟ್ಟಿತೆಂದು ತಿದ್ದಲು ಹೋದವರೇ ಅದನ್ನು ಕೆಡಿಸುವುದುಂಟು.

ಈಗ ಬದಲಾಯಿಸುವ ಪದಗಳು. 'ಎಂಕೆಡಿರ್' ಹೊಸ ಫೋಲ್ಡರನ್ನು ಮಾಡುತ್ತದೆ. 'ಸಿಪಿ' ಪ್ರತಿ ಮಾಡುತ್ತದೆ. 'ಎಂವಿ' ಕಡತವನ್ನು ಬೇರೆಡೆಗೆ ಸಾಗಿಸುತ್ತದೆ, ಇದ್ದಲ್ಲಿಯೇ ಹೆಸರು ಬದಲಾಯಿಸುವುದಕ್ಕೂ ಅದೇ ಪದ. ಈ ಎರಡು ಪದಗಳಲ್ಲಿಯೂ ಒಂದು ಅಪಾಯವಿದೆ: ಹೊಸ ಹೆಸರಿನ ಕಡತವೊಂದು ಮೊದಲೇ ಇದ್ದರೆ, ಕೇಳದೆ ಕೇಳಿಸದೆ ಅದರ ಮೇಲೆಯೇ ಬರೆದುಬಿಡುತ್ತವೆ. ಒಂದು ಆಜ್ಞೆಯ ಉತ್ತರವನ್ನು ಕಡತಕ್ಕೆ ತಿರುಗಿಸುವ > ಎಂಬ ಚಿಹ್ನೆಯೂ ಹಾಗೆಯೇ. ಹಳೆಯದನ್ನು ಅಳಿಸಿ ಬರೆಯುತ್ತದೆ. ಹಳೆಯದರ ಕೆಳಗೆ ಸೇರಿಸಬೇಕಾದರೆ ಅದೇ ಚಿಹ್ನೆಯನ್ನು ಎರಡು ಸಲ ಒತ್ತಬೇಕು.

'ಆರ್‌ಎಂ' ಅಳಿಸುತ್ತದೆ. ಚಿತ್ರದ ಪರದೆಯಲ್ಲಿ ಅಳಿಸಿದ ಕಡತವು ಕಸದ ಬುಟ್ಟಿಯಲ್ಲಿ ಕೆಲಕಾಲ ಕುಳಿತಿರುತ್ತದೆ, ಬೇಕೆಂದರೆ ಎತ್ತಿಕೊಳ್ಳಬಹುದು. ಇಲ್ಲಿ ಬುಟ್ಟಿಯಿಲ್ಲ. ಹೋದುದು ಹೋಯಿತು. ಬಹಳ ಕಡತಗಳನ್ನು ಒಮ್ಮೆಗೇ ಹೆಸರಿಸಲು * ಎಂಬ ನಕ್ಷತ್ರಚಿಹ್ನೆಯಿದೆ. 'ಏನೇ ಇರಲಿ' ಎಂಬುದು ಅದರ ಅರ್ಥ. ಒಂದು ಫೋಲ್ಡರಿನಲ್ಲಿ ಈ ವರ್ಷದ ಅಂಕಪಟ್ಟಿಗಳೂ, '.ಹಳೆ' ಎಂದು ಕೊನೆಗೊಳ್ಳುವ ಹಿಂದಿನ ಕರಡುಗಳೂ ಇವೆಯೆನ್ನೋಣ. 'ಆರ್‌ಎಂ *.ಹಳೆ' ಎಂದರೆ ಕರಡುಗಳು ಮಾತ್ರ ಹೋಗುತ್ತವೆ. ಕೈತಪ್ಪಿ ನಕ್ಷತ್ರದ ಮುಂದೆ ಒಂದು ತೆರಪು ಬಿದ್ದು 'ಆರ್‌ಎಂ * .ಹಳೆ' ಎಂದಾದರೆ ಷೆಲ್ ಅದನ್ನು ಎರಡು ಪದಗಳೆಂದು ಓದುತ್ತದೆ: ಏನೇ ಇರಲಿ ಅದನ್ನೆಲ್ಲ ಅಳಿಸು, ಅದರ ಮೇಲೆ '.ಹಳೆ' ಎಂಬ ಹೆಸರಿನ ಕಡತವನ್ನೂ ಅಳಿಸು. ಫೋಲ್ಡರಿನ ಕಡತಗಳೆಲ್ಲ ನಿಶ್ಶಬ್ದವಾಗಿ ಅಳಿದುಹೋಗುತ್ತವೆ. ಆಮೇಲೆ ಯಂತ್ರವು '.ಹಳೆ' ಎಂಬ ಕಡತವು ದೊರೆಯಲಿಲ್ಲವೆಂದು ದೂರುತ್ತದೆ. ಆ ಒಂದು ಸಾಲಿನ ದೂರೇ ಆಗಿಹೋದ ಅನಾಹುತದ ಏಕಮಾತ್ರ ಸೂಚನೆ.

ಇದನ್ನು ತಪ್ಪಿಸುವ ಉಪಾಯ ಸರಳವಾಗಿದೆ. ಅಳಿಸಬೇಕೆಂದಿರುವ ಹೆಸರಿನ ಮುಂದೆ ಮೊದಲು ಆರ್‌ಎಂ ಬದಲಾಗಿ ಎಲ್‌ಎಸ್ ಬರೆದು ನೋಡಬೇಕು. ಪರದೆಯ ಮೇಲೆ ಬಂದ ಪಟ್ಟಿಯೇ ಅಳಿಯಲಿರುವ ಪಟ್ಟಿ. ಅದು ಸರಿಯಾಗಿದ್ದರೆ ಮೇಲ್ಮುಖ ಬಾಣದ ಕೀಲಿಯನ್ನೊತ್ತಿ ಅದೇ ಸಾಲನ್ನು ಮರಳಿ ತಂದು, ಮೊದಲ ಪದವನ್ನಷ್ಟೇ ಬದಲಿಸಬೇಕು. ಆರ್‌ಎಂ ಮುಂದೆ 'ಐ' ಎಂಬ ವಿಶೇಷಣವನ್ನಿಟ್ಟರೆ ಒಂದೊಂದು ಕಡತಕ್ಕೂ ಅನುಮತಿ ಕೇಳುತ್ತದೆ. 'ಆರ್' ಮತ್ತು 'ಎಫ್' ಎಂಬ ಎರಡನ್ನು ಒಟ್ಟಿಗಿಟ್ಟರೆ ಒಳಗಿನ ಫೋಲ್ಡರುಗಳನ್ನೂ ಹೊಕ್ಕು, ಯಾವುದಕ್ಕೂ ಕೇಳದೆ ಎಲ್ಲವನ್ನೂ ಅಳಿಸುತ್ತದೆ.

ಈ ಕೊನೆಯ ಜೋಡಿಯು ಮಾಡಿದ ಎರಡು ಅನರ್ಥಗಳು ಜಗತ್ಪ್ರಸಿದ್ಧವಾಗಿವೆ. ಕ್ಯಾಲಿಫೋರ್ನಿಯಾದ ಪಿಕ್ಸಾರ್ ಸಂಸ್ಥೆಯು 1998ರಲ್ಲಿ 'ಟಾಯ್ ಸ್ಟೋರಿ 2' ಎಂಬ ಮಕ್ಕಳ ಚಲನಚಿತ್ರವನ್ನು ಗಣಕಯಂತ್ರದಲ್ಲಿ ರಚಿಸುತ್ತಿತ್ತು. ಒಂದು ದಿನ ಯಾರೋ ತಪ್ಪಾದ ಸ್ಥಳದಲ್ಲಿ ಈ ಆಜ್ಞೆಯನ್ನು ಕೊಟ್ಟರು. ಕೆಲಸಗಾರರು ನೋಡುತ್ತಿರುವಂತೆಯೇ ಪಾತ್ರಗಳ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದವು. ಯಂತ್ರದ ವಿದ್ಯುತ್ತನ್ನೇ ಕಿತ್ತು ನಿಲ್ಲಿಸುವ ಹೊತ್ತಿಗೆ ಚಿತ್ರದ ಸುಮಾರು ಶೇಕಡಾ 90 ಭಾಗ ಅಳಿದಿತ್ತು. ಕಾದಿರಿಸಿದ ಪ್ರತಿಯನ್ನು ತೆಗೆದು ನೋಡಿದರೆ ಅದೂ ಸರಿಯಾಗಿ ದಾಖಲಾಗಿರಲಿಲ್ಲ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದ ಗೇಲಿನ್ ಸುಸ್ಮನ್ ಆಗ ಬಾಣಂತನದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು, ಅವಳ ಮನೆಯ ಯಂತ್ರದಲ್ಲಿ ಒಂದು ಪ್ರತಿಯಿತ್ತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ ಕಾರಿನಲ್ಲಿಟ್ಟು ಜೋಪಾನವಾಗಿ ತಂದರು, ಚಿತ್ರ ಉಳಿಯಿತು. ಅಳಿಸಿದವರಾರೆಂದು ಹುಡುಕಿ ದಂಡಿಸುವುದಕ್ಕೆ ಸಂಸ್ಥೆಯ ಮುಖಂಡರು ಹೊರಡಲಿಲ್ಲವೆಂಬುದೂ ಗಮನಾರ್ಹ.

ಎರಡನೆಯದು 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ನಡೆದುದು. ಅಲ್ಲಿಯ ದತ್ತಾಂಶವು ಒಂದು ಮುಖ್ಯ ಯಂತ್ರದಲ್ಲಿಯೂ, ಅದರ ಪ್ರತಿರೂಪವು ಇನ್ನೊಂದರಲ್ಲಿಯೂ ಇದ್ದವು. ಪ್ರತಿರೂಪದ ಯಂತ್ರದಲ್ಲಿ ಏನೋ ತೊಡಕಾಗಿ, ರಾತ್ರಿಯವರೆಗೂ ದುಡಿದು ದಣಿದಿದ್ದ ಯಂತ್ರಪಾಲಕನು ಅಲ್ಲಿಯ ಫೋಲ್ಡರನ್ನು ಅಳಿಸಿ ಹೊಸದಾಗಿ ತುಂಬಿಸಬೇಕೆಂದುಕೊಂಡನು. ಆಜ್ಞೆ ಸರಿಯಾಗಿಯೇ ಇತ್ತು. ಅದನ್ನು ಬರೆದ ಟರ್ಮಿನಲ್ ಮಾತ್ರ ಮುಖ್ಯ ಯಂತ್ರದ್ದಾಗಿತ್ತು. ಒಂದೆರಡು ಸೆಕೆಂಡುಗಳಲ್ಲಿ ಎಚ್ಚತ್ತು ತಡೆದನಾದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದಿದ್ದುದು 4.5 ಗಿಗಾಬೈಟು. ಏರ್ಪಡಿಸಿದ್ದ ರಕ್ಷಣೆಯ ಪ್ರತಿಗಳು ಒಂದೊಂದು ಕಾರಣದಿಂದ ಕೈಕೊಟ್ಟವು. ಸುಮಾರು ಆರು ಗಂಟೆಗಳ ಹಿಂದೆ ಬೇರಾವುದೋ ಕಾರ್ಯಕ್ಕೆಂದು ಕೈಯಾರೆ ತೆಗೆದಿದ್ದ ಪ್ರತಿಯೊಂದರಿಂದ ವ್ಯವಸ್ಥೆ ಮತ್ತೆ ತಲೆಯೆತ್ತಿತು. ನಡುವಣ ಗಂಟೆಗಳ ಬರಹ ಕಳೆದೇಹೋಯಿತು. ಸಂಸ್ಥೆಯು ಏನನ್ನೂ ಮರೆಮಾಚದೆ ನಡೆದುದನ್ನೆಲ್ಲ ಸಾರ್ವಜನಿಕರ ಮುಂದಿಟ್ಟಿತು.

ಎರಡು ಪ್ರಸಂಗಗಳಲ್ಲಿಯೂ ಆಜ್ಞಾಪದದ ಅರ್ಥ ತಿಳಿಯದೆ ತಪ್ಪಾದುದಲ್ಲ. ತಾನು ನಿಂತಿರುವ ಸ್ಥಳವನ್ನು ನೋಡಿಕೊಳ್ಳದೆ ತಪ್ಪಾಯಿತು. ಪಿಡಬ್ಲ್ಯೂಡಿ ಒಂದು ಸೆಕೆಂಡಿನಲ್ಲಿ ಹೇಳಬಹುದಾದ ಸಂಗತಿ ಅದು. ಯಂತ್ರವೇ ಯಾವುದೆಂಬ ಸಂದೇಹವಿದ್ದರೆ 'ಹೋಸ್ಟ್‌ನೇಮ್' ಎಂಬ ಪದ ಅದರ ಹೆಸರನ್ನು ಹೇಳುತ್ತದೆ. ಇನ್ನು ರಕ್ಷಣೆಯ ಪ್ರತಿಯ ವಿಚಾರ: ಅದನ್ನು ಮಾಡಿಟ್ಟರೆ ಸಾಲದು, ಅದರಿಂದ ಕಡತವನ್ನು ಮರಳಿ ಪಡೆದು ನೋಡಿದ್ದರೆ ಮಾತ್ರ ಅದು ಇದೆಯೆನ್ನಬಹುದು. ಶಾಲೆಯ ದಾಖಲಾತಿ ಪುಸ್ತಕವೂ ಅಂಕಪಟ್ಟಿಗಳೂ ಯಂತ್ರಕ್ಕೆ ಸೇರಿರುವ ಈ ದಿನಗಳಲ್ಲಿ ಮುಖ್ಯೋಪಾಧ್ಯಾಯರು ವರ್ಷಕ್ಕೆ ಎರಡು ಸಲವಾದರೂ ಈ ಪರೀಕ್ಷೆಯನ್ನು ಮಾಡಿಸತಕ್ಕದ್ದು.

ಯಾರು ಏನನ್ನು ಮುಟ್ಟಬಹುದೆಂಬುದಕ್ಕೂ ಯೂನಿಕ್ಸಿನಲ್ಲಿ ಕಟ್ಟುಪಾಡಿದೆ. ಕಡತದ ಒಡೆಯ, ಒಡೆಯನ ಗುಂಪು, ಉಳಿದವರು ಎಂದು ಮೂರು ವರ್ಗ. ಓದುವುದು, ಬರೆಯುವುದು, ನಡೆಸುವುದು ಎಂದು ಮೂರು ಹಕ್ಕು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಬೆಲೆಕಟ್ಟಿ ಕೂಡಿಸುತ್ತಾರೆ. ಅಂಕಪಟ್ಟಿಯ ಕಡತಕ್ಕೆ 'ಸಿಎಚ್‌ಮೋಡ್ 640' ಎಂದರೆ ಒಡೆಯನಾದ ಅಧ್ಯಾಪಕನಿಗೆ ಓದುವ ಬರೆಯುವ ಹಕ್ಕು, ಗುಂಪಿನ ಇತರ ಅಧ್ಯಾಪಕರಿಗೆ ಓದುವುದು ಮಾತ್ರ, ಉಳಿದವರಿಗೆ ಏನೂ ಇಲ್ಲ. ಕೆಲಸವಾಗದಿದ್ದಾಗ 777 ಎಂದು ಬರೆದು ಎಲ್ಲರಿಗೂ ಎಲ್ಲವನ್ನೂ ತೆರೆದಿಡುವ ದುರಭ್ಯಾಸವೊಂದು ಹಬ್ಬಿದೆ. ಬೀಗ ಬಿಗಿಯಾಯಿತೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು.

ಈ ಕಟ್ಟುಪಾಡುಗಳಿಗೆ ಮೀರಿದವನು 'ರೂಟ್' ಎಂಬ ಸರ್ವಾಧಿಕಾರಿ. ಒಂದೇ ಒಂದು ಆಜ್ಞೆಗೆ ಆ ಅಧಿಕಾರವನ್ನು ಎರವಲು ಪಡೆಯುವ ಪದ 'ಸುಡೊ'. ಇದು 1980ರ ಸುಮಾರಿಗೆ ಅಮೆರಿಕೆಯ ಬಫಲೊ ನಗರದ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅನೇಕ ಯಂತ್ರಗಳಲ್ಲಿ ಮೊದಲ ಸಲ ಇದನ್ನು ಬಳಸಿದವನಿಗೆ ಅದು ಮೂರು ಬುದ್ಧಿಮಾತುಗಳನ್ನು ಹೇಳುತ್ತದೆ: ಪರರ ಗುಟ್ಟನ್ನು ಗೌರವಿಸಬೇಕು, ಒತ್ತುವ ಮೊದಲು ಯೋಚಿಸಬೇಕು, ಅಧಿಕಾರದೊಡನೆ ಹೊಣೆಯಿದೆ. ಆಮೇಲೆ ಗುಪ್ತಪದವನ್ನು ಕೇಳುತ್ತದೆ. ಅದನ್ನು ಒತ್ತುವಾಗ ಪರದೆಯ ಮೇಲೆ ಏನೂ ಕಾಣದಿರುವುದರಿಂದ ಕೀಲಿಮಣೆ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಒಂದು ಆಜ್ಞೆ ನಡೆಯಲಿಲ್ಲವೆಂದ ಮಾತ್ರಕ್ಕೆ ಅದರ ಮುಂದೆ ಸುಡೊ ಸೇರಿಸಿ ನೋಡುವುದು, ಎಲ್ಲಿಂದಲೋ ತಂದ ಸಾಲನ್ನು ಅರ್ಥವರಿಯದೆ ಅದರೊಡನೆ ಒತ್ತುವುದು, ಇವೆರಡನ್ನೂ ವಿದ್ಯಾರ್ಥಿಗಳು ದೂರವಿಡಬೇಕು.

ಯಂತ್ರದ ಆರೋಗ್ಯವನ್ನು ನೋಡಿಕೊಳ್ಳುವ ಕೆಲವು ಪದಗಳನ್ನು ಹೆಸರಿಸಿದರೆ ಸಾಕು. ಡಿಸ್ಕಿನಲ್ಲಿ ಎಷ್ಟು ಸ್ಥಳ ಬಾಕಿಯಿದೆಯೆಂದು 'ಡಿಎಫ್' ಹೇಳುತ್ತದೆ. ಯಾವ ಫೋಲ್ಡರು ಎಷ್ಟನ್ನು ನುಂಗಿದೆಯೆಂದು 'ಡಿಯು' ಹೇಳುತ್ತದೆ. ಈಗ ನಡೆಯುತ್ತಿರುವ ಕೆಲಸಗಳ ಪಟ್ಟಿ 'ಪಿಎಸ್'. ಅದನ್ನೇ ಕ್ಷಣಕ್ಷಣಕ್ಕೂ ಹೊಸದಾಗಿ ತೋರಿಸುವುದು 'ಟಾಪ್'. 'ಕಿಲ್' ಎಂಬ ಪದದ ಹೆಸರು ಭಯಂಕರವಾದರೂ ಅದು ನಡೆಯುತ್ತಿರುವ ಕೆಲಸಕ್ಕೊಂದು ಸೂಚನೆಯನ್ನು ಕಳುಹಿಸುವುದಷ್ಟೆ. ಸಾಮಾನ್ಯ ಸೂಚನೆ 15ನೆಯದು. ಕೆಲಸವು ತನ್ನ ಕಡತಗಳನ್ನು ಮುಚ್ಚಿಕೊಂಡು ಹೊರಡಲು ಅದರಲ್ಲಿ ಅವಕಾಶವಿದೆ. 9ನೆಯದರಲ್ಲಿ ಆ ಅವಕಾಶವಿಲ್ಲ. ಆದ್ದರಿಂದ ಮೊದಲು 15, ಅದಕ್ಕೆ ಬಗ್ಗದಿದ್ದರೆ ಮಾತ್ರ 9. ಎದುರಿಗೆ ನಡೆಯುತ್ತಿರುವ ಆಜ್ಞೆಯನ್ನು ತಡೆಯಲು ಕಂಟ್ರೋಲ್ ಕೀಲಿಯೊಡನೆ 'ಸಿ' ಅಕ್ಷರವನ್ನು ಒತ್ತಬೇಕು. ಟ್ಯಾಬ್ ಕೀಲಿಯು ಅರ್ಧ ಬರೆದ ಕಡತದ ಹೆಸರನ್ನು ಪೂರ್ತಿಮಾಡುವುದರಿಂದ ಶ್ರಮವೂ ತಪ್ಪುಗಳೂ ಕಡಮೆಯಾಗುತ್ತವೆ.

ಇಷ್ಟನ್ನೂ ನೆನಪಿನಲ್ಲಿಡುವುದು ಹೇಗೆಂಬ ಚಿಂತೆ ಬೇಡ. ಯೂನಿಕ್ಸಿನ ಮೊದಲ ಕೈಪಿಡಿಯನ್ನು 1971ರ ನವೆಂಬರಿನಲ್ಲಿ ಥಾಂಪ್ಸನ್ ಮತ್ತು ರಿಚಿ ಸಿದ್ಧಪಡಿಸಿದರು. ಒಂದೊಂದು ಪದಕ್ಕೂ ಒಂದೊಂದು ಪುಟ. ಪುಟದ ಕೊನೆಗೆ 'ದೋಷಗಳು' ಎಂಬ ಶೀರ್ಷಿಕೆಯ ಕೆಳಗೆ ತಮ್ಮ ಕೃತಿಯ ಕುಂದುಗಳನ್ನು ತಾವೇ ಬರೆದರು. ಸರಕಿನೊಡನೆ ಸರಕಿನ ದೋಷಪಟ್ಟಿಯನ್ನೂ ಕೊಡುವ ವ್ಯಾಪಾರಿಗಳು ಅಪರೂಪ. ಆ ಕೈಪಿಡಿಯ ವಂಶಜವು ಇಂದಿಗೂ ಬಹುಪಾಲು ಲಿನಕ್ಸ್ ಯಂತ್ರಗಳ ಒಳಗೆ, ಅಂತರಜಾಲದ ಹಂಗಿಲ್ಲದೆ, ಓದಲು ದೊರೆಯುತ್ತದೆ. 'ಮ್ಯಾನ್' ಎಂದು ಬರೆದು, ತೆರಪು ಬಿಟ್ಟು, ತಿಳಿಯಬೇಕಾದ ಪದವನ್ನು ಬರೆದರೆ ಅದರ ಪುಟ ತೆರೆಯುತ್ತದೆ. 'ಮ್ಯಾನ್ ಎಲ್‌ಎಸ್' ಎಂಬುದರಿಂದ ಆರಂಭಿಸಬಹುದು. ಅಭ್ಯಾಸಕ್ಕಾಗಿ ಎಂಕೆಡಿರ್‌ನಿಂದ ಬೇರೆಯೇ ಒಂದು ಫೋಲ್ಡರನ್ನು ಮಾಡಿಕೊಂಡು, ಅದರಲ್ಲಿ ಬೇಡದ ನಾಲ್ಕಾರು ಕಡತಗಳನ್ನು ಸೃಷ್ಟಿಸಿ, ಅವುಗಳ ಮೇಲೆ ಈ ಪದಗಳನ್ನೆಲ್ಲ ಪ್ರಯೋಗಿಸಿ ನೋಡಬೇಕು. ಬಾಣದ ಕೀಲಿಗಳಿಂದ ಪುಟವು ಮೇಲೆ ಕೆಳಗೆ ಸರಿಯುತ್ತದೆ. ಓದಿ ಮುಗಿದ ಮೇಲೆ ಹೊರಬರಲು 'ಕ್ಯೂ' ಅಕ್ಷರವನ್ನು ಒತ್ತಬೇಕು.